ಧಾರಾವಿಯ ಉಬ್ಬಸ ಮತ್ತು ಒಂದು ಗುಳಿಗೆ



ಅಸ್ತಮಾ ಮತ್ತು ಅಲರ್ಜಿಯ ನೆಗಡಿಯನ್ನು ಬಹುಕಾಲ ಹತೋಟಿಯಲ್ಲಿಡಲು ದಿನಕ್ಕೊಂದರಂತೆ ನುಂಗುವ ಗುಳಿಗೆ ಮೊಂಟೆಲುಕಾಸ್ಟ್. ಈ ಹೆಸರನ್ನು ಕೇಳದವರ ಹೊಟ್ಟೆಗೂ ಅದು ಹೋಗಿರುವ ಸಾಧ್ಯತೆ ಹೆಚ್ಚು. ಮಾಂಟೇರ್, ಮಾಂಟೆಕ್, ಟೆಲಿಕಾಸ್ಟ್ ಮುಂತಾದ ಬ್ರ್ಯಾಂಡುಗಳಲ್ಲಿ, ಬಹುಮಟ್ಟಿಗೆ ಲಿವೊಸೆಟ್ರಿಜಿನ್ ಎಂಬ ನೆಗಡಿ ಮದ್ದಿನೊಡನೆ ಕೂಡಿಸಿದ ‘ಎಲ್‌ಸಿ’ ರೂಪದಲ್ಲಿ, ಅದು ದೇಶದ ಪ್ರತಿಯೊಂದು ಮೆಡಿಕಲ್ ಅಂಗಡಿಯ ಕೈಗೆಟುಕುವ ಖಾನೆಯಲ್ಲೇ ಇರುತ್ತದೆ. ಮುಂಬಯಿಯ ಧಾರಾವಿ ಬಸ್ತಿಯ 90 ಅಡಿ ರಸ್ತೆ, 60 ಅಡಿ ರಸ್ತೆಗಳ ಅಂಗಡಿಗಳೂ ಇದಕ್ಕೆ ಹೊರತಲ್ಲ.

ಈ ಉಪನ್ಯಾಸದಲ್ಲಿ ಮೊದಲು ಧಾರಾವಿಯ ಗಾಳಿಯ ವಿಚಾರ ಬರುತ್ತದೆ, ನಂತರ ಗುಳಿಗೆಯ ಹುಟ್ಟು ಮತ್ತು ಅದು ಕೆಲಸ ಮಾಡುವ ಬಗೆ. ಮೂರನೆಯದು ಇನ್‌ಹೇಲರಿನ ಎದುರು ಗುಳಿಗೆಯ ಸ್ಥಾನ. ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಅದೇ. ಕೊನೆಗೆ, ಗುಳಿಗೆಯಿಂದ ಮನಸ್ಸಿನ ಮೇಲೆ ಆಗಬಹುದಾದ ತೊಂದರೆ ಮತ್ತು ಅದನ್ನು ಕೊಳ್ಳುವ, ಇಟ್ಟುಕೊಳ್ಳುವ ಕ್ರಮ.

ಪಶ್ಚಿಮ ಮತ್ತು ಮಧ್ಯ ರೈಲ್ವೆ ಹಳಿಗಳ ನಡುವೆ, ಮಿಠಿ ನದಿ ಮತ್ತು ಮಾಹಿಮ್ ಖಾರಿಗೆ ಒತ್ತಿಕೊಂಡಂತೆ ಧಾರಾವಿ ಇದೆ. ವಿಸ್ತೀರ್ಣ ಎರಡು ಚದರ ಕಿಲೋಮೀಟರಿಗಿಂತ ತುಸು ಹೆಚ್ಚು. ಅಷ್ಟರಲ್ಲೇ ಲಕ್ಷಗಟ್ಟಲೆ ಜನ ಬಾಳುತ್ತಾರೆ, ದುಡಿಯುತ್ತಾರೆ. ತಿರುನೆಲ್ವೇಲಿ, ಸೌರಾಷ್ಟ್ರ, ಸೊಲ್ಲಾಪುರ, ಉತ್ತರ ಪ್ರದೇಶಗಳಿಂದ ಬಂದವರ ಜೊತೆಗೆ ಕಲಬುರಗಿ, ಯಾದಗಿರಿ, ರಾಯಚೂರು ಕಡೆಯ ಕುಟುಂಬಗಳೂ ಇಲ್ಲಿ ನೆಲೆ ನಿಂತಿವೆ. ಮನೆ ಮತ್ತು ಕಾರ್ಖಾನೆ ಬೇರೆಬೇರೆ ಅಲ್ಲದಿರುವುದು ಈ ಬಸ್ತಿಯ ಸ್ವಭಾವ. ಕೆಳಗಿನ ಖೋಲಿಯಲ್ಲಿ ಹೊಲಿಗೆ ಯಂತ್ರ ಓಡುತ್ತಿದ್ದರೆ ಮೇಲಿನ ಮಾಳಿಗೆಯಲ್ಲಿ ಮಕ್ಕಳು ಮಲಗಿರುತ್ತವೆ.

ಕುಂಭಾರವಾಡೆಯ ಆವಿಗೆಗಳಲ್ಲಿ ಹತ್ತಿಯ ಚಿಂದಿ, ಮರದ ಹೊಟ್ಟು ಉರಿಯುತ್ತದೆ. ಹದಿಮೂರನೇ ಕಾಂಪೌಂಡಿನಲ್ಲಿ ಹಳೆಯ ಪ್ಲಾಸ್ಟಿಕ್ಕನ್ನು ವಿಂಗಡಿಸಿ, ಪುಡಿ ಮಾಡಿ, ಕರಗಿಸುತ್ತಾರೆ. ತೊಗಲು ಹದ ಮಾಡುವ ಕೆಲಸ ಬಹುಪಾಲು ಹೊರಗೆ ಹೋದರೂ ಚರ್ಮದ ಚೀಲ, ಬೆಲ್ಟುಗಳ ಕೆಲಸ ಉಳಿದಿದೆ. ಅದರೊಂದಿಗೆ ಅಂಟಿನ ಘಾಟೂ ಉಳಿದಿದೆ. ಬೇಕರಿಗಳಲ್ಲಿ ಮೈದಾ ಹಿಟ್ಟು ಹಾರುತ್ತದೆ. ಹಿಟ್ಟಿನ ಧೂಳಿನಿಂದ ಬರುವ ಅಸ್ತಮಾ ವೈದ್ಯಶಾಸ್ತ್ರಕ್ಕೆ ಗೊತ್ತಿರುವ ಅತಿ ಹಳೆಯ ಕಸುಬಿನ ಕಾಯಿಲೆಗಳಲ್ಲೊಂದು.

ಇದು ಹೊರಗಿನ ಗಾಳಿ. ಒಳಗಿನದು ಇದಕ್ಕಿಂತ ಸೂಕ್ಷ್ಮ. ಹಾಸಿಗೆ, ಕೌದಿಗಳಲ್ಲಿ ಬದುಕುವ ಧೂಳುನುಸಿಗೆ ಮುಂಬಯಿಯ ತೇವ ಹೇಳಿ ಮಾಡಿಸಿದಂತಿದೆ. ಕಿಟಕಿಯಿಲ್ಲದ ಖೋಲಿಯ ಗೋಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗುವುದೇ ಇಲ್ಲ, ಬೂಷ್ಟು ಹಿಡಿಯುತ್ತದೆ. ಜಿರಲೆಯ ಹಿಕ್ಕೆ, ಉದುರಿದ ಚಿಪ್ಪಿನ ಪುಡಿ ಕೂಡ ಉಬ್ಬಸ ಎಬ್ಬಿಸುವ ಅಲರ್ಜಿಕಾರಕ. ಮಳೆ ಹೋಗಿ ಚಳಿ ಬಂದಾಗ ಗಾಳಿ ನಿಂತಲ್ಲೇ ನಿಂತು ಹೊಗೆ ಕೆಳಮಟ್ಟದಲ್ಲೇ ಉಳಿಯುತ್ತದೆ. ಪಾಶ್ಚಾತ್ಯ ಪಠ್ಯಗಳಲ್ಲಿ ಋತುಮಾನದ ಅಲರ್ಜಿ ಎಂದರೆ ವಸಂತದ ಹೂಪುಡಿ, ಹುಲ್ಲಿನ ಪರಾಗ. ಧಾರಾವಿಯ ಋತುಮಾನ ಬೇರೆ: ಮಳೆಗಾಲದ ಬೂಷ್ಟು, ದೀಪಾವಳಿಯ ಪಟಾಕಿ, ಚಳಿಗಾಲದ ಹೊಗೆ. ಸುಗ್ಗಿಗೆಂದು ಊರಿಗೆ ಹೋಗುವ ಕಲಬುರಗಿ ಕಡೆಯ ಕುಟುಂಬಕ್ಕೆ ತೊಗರಿ ರಾಶಿಯ ಹೊಟ್ಟಿನ ಧೂಳು, ಹೊಲದ ಬದುವಿನ ಪಾರ್ಥೇನಿಯಂ ಬೇರೆ.

ಧೂಳಿನ ಲೆಕ್ಕದಲ್ಲಿ ಒಂದು ಅಂತರವನ್ನು ಗಮನಿಸಬೇಕು. 2.5 ಮೈಕ್ರಾನಿಗಿಂತ ಸಣ್ಣ ಕಣಗಳು ವರ್ಷದ ಸರಾಸರಿಯಲ್ಲಿ ಘನ ಮೀಟರಿಗೆ 5 ಮೈಕ್ರೊಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ಭಾರತದ ಮಾನದಂಡ 40ರವರೆಗೆ ಒಪ್ಪುತ್ತದೆ. ನಗರ ಬೆಳೆದಂತೆ ಮಕ್ಕಳ ಉಬ್ಬಸವೂ ಬೆಳೆದದ್ದಕ್ಕೆ ಕನ್ನಡನಾಡಿನಲ್ಲೇ ಸಾಕ್ಷ್ಯವಿದೆ. ಬೆಂಗಳೂರಿನ ಡಾ. ಎಚ್. ಪರಮೇಶ್ ಅವರ ಸಮೀಕ್ಷೆಗಳಲ್ಲಿ ಮಕ್ಕಳ ಅಸ್ತಮಾ 1979ರಲ್ಲಿ ಶೇಕಡಾ 9 ಇದ್ದದ್ದು 1999ಕ್ಕೆ ಶೇಕಡಾ 29.5 ಆಯಿತು. ದೇಶದಲ್ಲಿ ಈಗ ಅಸ್ತಮಾ ಇರುವವರು ಸುಮಾರು 3.4 ಕೋಟಿ ಎಂದು ಅಂದಾಜು. ಜಗತ್ತಿನ ಅಸ್ತಮಾ ರೋಗಿಗಳಲ್ಲಿ ಭಾರತದ ಪಾಲು ಶೇಕಡಾ 13ರ ಆಸುಪಾಸು, ಅಸ್ತಮಾ ಸಾವುಗಳಲ್ಲಿ ಮಾತ್ರ ಶೇಕಡಾ 40ನ್ನು ಮೀರಿದೆ. ಕಾಯಿಲೆಯ ಪಾಲಿಗಿಂತ ಸಾವಿನ ಪಾಲು ಮೂರು ಪಟ್ಟು ಇರುವುದಕ್ಕೆ ಗಾಳಿಯೊಂದನ್ನೇ ದೂರಿದರೆ ಸಾಲದು. ಚಿಕಿತ್ಸೆಯಲ್ಲೂ ಎಲ್ಲೋ ದಾರಿ ತಪ್ಪಿದೆ. ಗುಳಿಗೆಯ ಕಥೆ ಅಲ್ಲಿಗೇ ಬಂದು ಸೇರುತ್ತದೆ.

ಇನ್ನು ಗುಳಿಗೆಯ ಹುಟ್ಟಿನ ಕಡೆ ಬರಬಹುದು. ಅದರ ಬೇರು ನಾಗರಹಾವಿನ ವಿಷದಲ್ಲಿದೆ ಎಂದರೆ ಅತಿಶಯವಲ್ಲ. ನಾಜಿ ಜರ್ಮನಿಯಿಂದ ಹೊರಬಿದ್ದ ವಿಲ್ಹೆಲ್ಮ್ ಫೆಲ್ಡ್‌ಬರ್ಗ್ ಮತ್ತು ಆಸ್ಟ್ರೇಲಿಯದ ಚಾರ್ಲ್ಸ್ ಕೆಲ್ಲವೇ 1938ರಲ್ಲಿ ಮೆಲ್ಬರ್ನಿನಲ್ಲಿ ಗಿನಿಯಿಲಿಯ ಶ್ವಾಸಕೋಶಕ್ಕೆ ನಾಗರಹಾವಿನ ವಿಷ ಹಾಯಿಸಿ, ಅದರಿಂದ ಹೊರಬಂದ ದ್ರವವನ್ನು ಪರೀಕ್ಷಿಸಿದರು. ಹಿಸ್ಟಮಿನ್ ಆಗಲೇ ಗೊತ್ತಿತ್ತು. ಅದು ಸ್ನಾಯುವನ್ನು ತಟ್ಟನೆ ಬಿಗಿಸಿ ತಟ್ಟನೆ ಬಿಡುತ್ತದೆ. ಈ ದ್ರವದಲ್ಲಿ ಇನ್ನೇನೋ ಇತ್ತು. ಅದು ನಿಧಾನವಾಗಿ ಬಿಗಿಸುತ್ತಿತ್ತು, ಬಹಳ ಹೊತ್ತು ಬಿಡುತ್ತಿರಲಿಲ್ಲ. ಅಲರ್ಜಿಯ ಆಘಾತದಲ್ಲೂ ಅದೇ ಬಗೆಯ ವಸ್ತು ಒಸರುತ್ತದೆಂದು ಕೆಲವೇ ವರ್ಷಗಳಲ್ಲಿ ಗೊತ್ತಾಯಿತು. ಅದರ ರಚನೆ ಮಾತ್ರ ನಲವತ್ತು ವರ್ಷ ಯಾರ ಕೈಗೂ ಸಿಗಲಿಲ್ಲ. 1979ರಲ್ಲಿ ಸ್ಟಾಕ್‌ಹೋಮಿನ ಕರೊಲಿನ್‌ಸ್ಕಾ ಸಂಸ್ಥೆಯ ಬೆಂಗ್ಟ್ ಸಾಮ್ಯುಯೆಲ್ಸನ್ ಮತ್ತು ಸಂಗಡಿಗರು ಅದನ್ನು ಬಿಡಿಸಿ, ಆ ಕುಟುಂಬಕ್ಕೆ ಲ್ಯೂಕೊಟ್ರೈಯೀನ್ ಎಂದು ಹೆಸರಿಟ್ಟರು. ಈ ಕೆಲಸವೂ ಸೇರಿದ ಸಾಧನೆಗೆ ಸಾಮ್ಯುಯೆಲ್ಸನ್ 1982ರಲ್ಲಿ ಸ್ಯೂನೆ ಬರ್ಗ್‌ಸ್ಟ್ರಾಮ್ ಮತ್ತು ಜಾನ್ ವೇನ್ ಅವರೊಡನೆ ನೊಬೆಲ್ ಹಂಚಿಕೊಂಡರು.

ಲ್ಯೂಕೊಟ್ರೈಯೀನುಗಳು ಮೊದಲೇ ಎಲ್ಲೋ ಶೇಖರವಾಗಿರುವ ವಸ್ತುವಲ್ಲ. ಧೂಳು, ಬೂಷ್ಟು, ಹೊಗೆ ತಾಗಿದಾಗ ಮಾಸ್ಟ್ ಕೋಶ, ಇಯೊಸಿನೊಫಿಲ್‌ಗಳಂಥ ಕೋಶಗಳು ತಮ್ಮ ಪೊರೆಯಲ್ಲಿರುವ ಕೊಬ್ಬಿನಾಮ್ಲದಿಂದ ಅದನ್ನು ಆಗಿಂದಾಗಲೇ ತಯಾರಿಸುತ್ತವೆ. ಅದು ಹೋಗಿ ಕೂರುವ ಗ್ರಾಹಿಗಳು ಶ್ವಾಸನಾಳದ ಸ್ನಾಯುವಿನ ಮೇಲಿವೆ. ಅಲ್ಲಿ ಕೂತಿತೆಂದರೆ ನಾಳ ಬಿಗಿಯುತ್ತದೆ, ಒಳಪದರ ಊದುತ್ತದೆ, ಕಫ ಹೆಚ್ಚುತ್ತದೆ, ಮೂಗಿನಲ್ಲಾದರೆ ಕಟ್ಟಿಕೊಳ್ಳುತ್ತದೆ. ಮೊಂಟೆಲುಕಾಸ್ಟ್ ಲ್ಯೂಕೊಟ್ರೈಯೀನ್ ತಯಾರಾಗುವುದನ್ನು ತಡೆಯುವುದಿಲ್ಲ. ಲೋಕಲ್ ರೈಲಿನ ಸೀಟಿನ ಮೇಲೆ ಕರವಸ್ತ್ರ ಹಾಕಿ ಜಾಗ ಹಿಡಿದಂತೆ, ಆ ಗ್ರಾಹಿಗಳ ಮೇಲೆ ತಾನು ಮೊದಲೇ ಕೂತುಬಿಡುತ್ತದೆ.

ಈ ಗುಳಿಗೆಯನ್ನು ರೂಪಿಸಿದ್ದು ಮರ್ಕ್ ಕಂಪನಿಯ ಕೆನಡಾ ಶಾಖೆ. ಅಮೆರಿಕದ ಔಷಧ ನಿಯಂತ್ರಕರು 1998ರ ಫೆಬ್ರುವರಿಯಲ್ಲಿ ಇದನ್ನು ಅಸ್ತಮಾಕ್ಕೆ ಒಪ್ಪಿದರು. ಋತುಮಾನದ ಅಲರ್ಜಿಯ ನೆಗಡಿಗೆ 2002ರ ಕೊನೆಗೆ. ಅಲ್ಲಿ ಪೇಟೆಂಟ್ ಮುಗಿದದ್ದು 2012ರಲ್ಲಿ. ಭಾರತ ಅಷ್ಟು ಕಾಯಬೇಕಾಗಿರಲಿಲ್ಲ. 1970ರ ಪೇಟೆಂಟ್ ಕಾಯ್ದೆ ಔಷಧವಸ್ತುವಿಗೆ ಪೇಟೆಂಟ್ ಕೊಡದೆ ತಯಾರಿಸುವ ವಿಧಾನಕ್ಕಷ್ಟೇ ಕೊಡುತ್ತಿತ್ತು. ಆ ವ್ಯವಸ್ಥೆ 2005ರವರೆಗೆ ನಡೆಯಿತು. ಹೀಗಾಗಿ 1935ರಲ್ಲಿ ಮುಂಬಯಿಯಲ್ಲೇ ಹುಟ್ಟಿದ ಸಿಪ್ಲಾ ಸೇರಿ ಹಲವು ದೇಶೀ ಕಂಪನಿಗಳು ಇದನ್ನು ಬೇಗ, ಅಗ್ಗವಾಗಿ ತಯಾರಿಸಿದವು. 2022ರ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಗೂ ಮೊಂಟೆಲುಕಾಸ್ಟ್ ಸೇರಿತು.

ಪ್ರಮಾಣದ ವಿಷಯ ಚಿಕ್ಕದು. 15 ವರ್ಷ ತುಂಬಿದವರಿಗೆ ದಿನಕ್ಕೊಮ್ಮೆ 10 ಮಿಲಿಗ್ರಾಂ. 6ರಿಂದ 14 ವರ್ಷದವರಿಗೆ 5, 2ರಿಂದ 5 ವರ್ಷದ ಮಕ್ಕಳಿಗೆ 4 ಮಿಲಿಗ್ರಾಮಿನ ಅಗಿಯುವ ಗುಳಿಗೆ. ಅಸ್ತಮಾಕ್ಕಾದರೆ ಸಂಜೆ ಕೊಡುವುದು ರೂಢಿ, ಏಕೆಂದರೆ ಉಬ್ಬಸದ ಕಾಟ ರಾತ್ರಿ, ನಸುಕಿಗೇ ಹೆಚ್ಚು. 10 ಮಿಲಿಗ್ರಾಮಿನ ಗುಳಿಗೆ ನುಂಗಿದ ಮೂರು-ನಾಲ್ಕು ಗಂಟೆಗೆ ರಕ್ತದಲ್ಲಿ ಗರಿಷ್ಠ ಮಟ್ಟ ಮುಟ್ಟುತ್ತದೆ. ಔಷಧವನ್ನು ಒಡೆಯುವುದು ಯಕೃತ್ತು. ಧಾರಾವಿಯಂಥಲ್ಲಿ ಇದು ಮುಖ್ಯ, ಏಕೆಂದರೆ ಕ್ಷಯದ ಔಷಧ ರಿಫಾಂಪಿಸಿನ್ ಯಕೃತ್ತಿನ ಕೆಲಸವನ್ನು ಚುರುಕುಗೊಳಿಸುತ್ತದೆ. ಎರಡನ್ನೂ ತೆಗೆದುಕೊಳ್ಳುವವರ ಮೇಲೆ ವೈದ್ಯರು ಕಣ್ಣಿಡಬೇಕಾಗುತ್ತದೆ.

ಈಗ ಮೂರನೆಯ ವಿಚಾರ. ಗುಳಿಗೆ ಎಷ್ಟು ಗಟ್ಟಿ?

1999ರಲ್ಲಿ ಪ್ರಕಟವಾದ ಒಂದು ಅಧ್ಯಯನ ಮೊಂಟೆಲುಕಾಸ್ಟನ್ನು ಬೆಕ್ಲೊಮೆಥಾಸೋನ್ ಎಂಬ ಸ್ಟೀರಾಯ್ಡ್ ಇನ್‌ಹೇಲರಿಗೆ ನೇರ ಹೋಲಿಸಿತು. ಹನ್ನೆರಡು ವಾರಗಳ ಚಿಕಿತ್ಸೆಯಲ್ಲಿ, ಒಂದು ಸೆಕೆಂಡಿನಲ್ಲಿ ರೋಗಿ ಊದಿ ಹೊರಹಾಕಬಲ್ಲ ಗಾಳಿಯ ಪ್ರಮಾಣ ಇನ್‌ಹೇಲರಿನಿಂದ ಶೇಕಡಾ 13.1 ಸುಧಾರಿಸಿತು, ಗುಳಿಗೆಯಿಂದ 7.4, ಔಷಧವಿಲ್ಲದ ಹುಸಿ ಗುಳಿಗೆಯಿಂದ 0.7. ಗುಳಿಗೆ ಕೆಲಸ ಮಾಡುತ್ತದೆ, ಸಂಶಯವಿಲ್ಲ. ಇನ್‌ಹೇಲರಿನಷ್ಟು ಮಾಡುವುದಿಲ್ಲ, ಅದರಲ್ಲೂ ಸಂಶಯವಿಲ್ಲ. ಗುಳಿಗೆ ಉರಿಯೂತದ ಹಲವು ದಾರಿಗಳಲ್ಲಿ ಒಂದನ್ನು ಕಟ್ಟುತ್ತದೆ, ಸ್ಟೀರಾಯ್ಡ್ ಹಲವನ್ನು ಒಟ್ಟಿಗೇ ತಗ್ಗಿಸುತ್ತದೆ. ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಸ್ಟೀರಾಯ್ಡ್ ಇನ್‌ಹೇಲರನ್ನೇ ಮೂಲ ಚಿಕಿತ್ಸೆಯಾಗಿ ಇಟ್ಟು, ಮೊಂಟೆಲುಕಾಸ್ಟನ್ನು ಅದರ ಜೊತೆಗೂಡುವ ಮದ್ದಾಗಿ ಅಥವಾ ಇನ್‌ಹೇಲರ್ ಒಗ್ಗದವರಿಗೆ ಬದಲಿಯಾಗಿ ಹೇಳುವುದು ಇದಕ್ಕೇ. ಅಲರ್ಜಿಯ ನೆಗಡಿಯಲ್ಲೂ ಮೂಗಿಗೆ ಸಿಂಪಡಿಸುವ ಸ್ಟೀರಾಯ್ಡಿನ ಪರಿಣಾಮ ಗುಳಿಗೆಗಿಂತ ಮೇಲು.

ಗುಳಿಗೆಗೆ ತನ್ನದೇ ಆದ ಕ್ಷೇತ್ರಗಳಿವೆ. ಆಸ್ಪಿರಿನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ನುಂಗಿದೊಡನೆ ಉಬ್ಬಸ ಏಳುವವರಲ್ಲಿ ಲ್ಯೂಕೊಟ್ರೈಯೀನ್ ಹಾವಳಿಯೇ ಹೆಚ್ಚು. ಅವರಿಗೆ ಇದು ಚೆನ್ನಾಗಿ ಒದಗುತ್ತದೆ. ಓಡಿದಾಗ, ಆಡಿದಾಗ ಎದೆ ಬಿಗಿಯುವ ಮಕ್ಕಳಿಗೂ ಉಪಯುಕ್ತ. ಮೂಗು ಮತ್ತು ಎದೆ ಎರಡೂ ಕೆಟ್ಟವರಿಗೆ ಒಂದೇ ಗುಳಿಗೆ ಎರಡೂ ಕಡೆ ನೆರವಾಗುತ್ತದೆ. ಆದರೆ ಹತ್ತಿದ ದಮ್ಮನ್ನು ಇದು ಇಳಿಸಲಾರದು. ಮಾತಾಡಲಾಗದಷ್ಟು ಏದುಸಿರು, ಕತ್ತಿನ ಗುಂಡಿ ಒಳಸೇದುವುದು, ತುಟಿ ನೀಲಿಯಾಗುವುದು ಕಂಡರೆ ಬೇಕಾದದ್ದು ಕೂಡಲೇ ನಾಳ ಸಡಿಲಿಸುವ ಇನ್‌ಹೇಲರ್ ಮತ್ತು ಆಸ್ಪತ್ರೆ. ಧಾರಾವಿಗೆ ಅದು ‘ಛೋಟಾ ಸಾಯನ್’ ಎಂದು ಜನ ಕರೆಯುವ ಪಾಲಿಕೆಯ ಆರೋಗ್ಯ ಕೇಂದ್ರ, ಅಲ್ಲಿಂದ ಮುಂದೆ ಲೋಕಮಾನ್ಯ ತಿಲಕ್ ಆಸ್ಪತ್ರೆ.

ಹಾಗಿದ್ದೂ ಗುಳಿಗೆಗೇ ಬೇಡಿಕೆ ಹೆಚ್ಚು. ಅದಕ್ಕೆ ಕಾರಣಗಳು ಮೂರ್ಖತನದ್ದಲ್ಲ, ಬದುಕಿನವು. ಗುಳಿಗೆ ನುಂಗಿದ್ದು ಪಕ್ಕದವರಿಗೆ ಕಾಣದು. ಜನ ‘ಪಂಪು’ ಎನ್ನುವ ಇನ್‌ಹೇಲರ್ ಎಲ್ಲರ ಕಣ್ಣಿಗೂ ಬೀಳುತ್ತದೆ. ಮದುವೆಗೆ ಬಂದ ಮಗಳ ಕೈಯಲ್ಲಿ ಅದು ಕಂಡರೆ ಸಂಬಂಧ ತಪ್ಪೀತೆಂಬ ಅಂಜಿಕೆ ಮನೆಯವರಿಗೆ. “ಪಂಪ್ ಚಟ ಹತ್ತಿ ಬಿಡ್ತದಂತಲ್ರಿ, ಗುಳಿಗಿನೇ ಕೊಟ್ಟುಬಿಡ್ರಿ” ಎಂಬುದು ಕಲಬುರಗಿ ಕಡೆಯ ತಾಯಂದಿರಿಂದ ವೈದ್ಯರು ಕೇಳುತ್ತಲೇ ಇರುವ ಮಾತು. ಇನ್‌ಹೇಲರ್ ಚಟ ಹಿಡಿಸುವುದಿಲ್ಲ. ಒಂದು ಎಳೆತದಲ್ಲಿರುವ ಸ್ಟೀರಾಯ್ಡ್ ಮೈಕ್ರೊಗ್ರಾಮುಗಳ ಲೆಕ್ಕದ್ದು, ಹೋಗುವುದು ನೇರ ಎದೆಗೆ. ಮದ್ದೆಂದರೆ ಹೊಟ್ಟೆಗೆ ಹೋಗಬೇಕು ಎಂಬ ನಂಬಿಕೆಯೂ ಬಲವಾದದ್ದು. ಮೃಗಶಿರಾ ಮಳೆ ಕೂಡುವ ದಿನ ಹೈದರಾಬಾದಿನಲ್ಲಿ ಬತ್ತಿನಿ ಕುಟುಂಬದವರು ಮದ್ದಿಟ್ಟು ಕೊಡುವ ಜೀವಂತ ಮೀನನ್ನು ನುಂಗಲು ಉತ್ತರ ಕರ್ನಾಟಕದಿಂದಲೂ ಜನ ಹೋಗುತ್ತಾರೆ. ಆ ಮೀನಿನಿಂದ ಅಸ್ತಮಾ ವಾಸಿಯಾಗುತ್ತದೆ ಎನ್ನಲು ವೈಜ್ಞಾನಿಕ ಆಧಾರವಿಲ್ಲ.

ಇನ್‌ಹೇಲರಿಗೆ ಕಲಿಕೆ ಬೇಕು ಎಂಬುದು ನಿಜವಾದ ತೊಡಕು. ಅಲುಗಾಡಿಸಬೇಕು, ಪೂರ್ತಿ ಉಸಿರು ಬಿಡಬೇಕು, ಒತ್ತುವುದೂ ಎಳೆಯುವುದೂ ಒಟ್ಟಿಗೆ ಆಗಬೇಕು, ಹತ್ತು ಎಣಿಸುವವರೆಗೆ ಉಸಿರು ಕಟ್ಟಬೇಕು, ಸ್ಟೀರಾಯ್ಡ್ ಆದರೆ ಕೊನೆಗೆ ಬಾಯಿ ಮುಕ್ಕಳಿಸಿ ಉಗುಳಬೇಕು. ನೂರು ಜನ ಸಾಲಿನಲ್ಲಿ ನಿಂತ ಹೊರರೋಗಿ ವಿಭಾಗದಲ್ಲಿ ಇಷ್ಟನ್ನು ಕಲಿಸಲು ಯಾರಿಗೂ ಪುರಸೊತ್ತಿಲ್ಲ. ಗುಳಿಗೆಯ ಚೀಟಿ ಬರೆಯಲು ಅರ್ಧ ನಿಮಿಷ ಸಾಕು. ಮಕ್ಕಳಿಗೆ ಇನ್‌ಹೇಲರಿನ ಬಾಯಿಗೆ ಸ್ಪೇಸರ್ ಎಂಬ ಟೊಳ್ಳು ಕೊಳವೆ ಕೂಡಿಸಿದರೆ ಒತ್ತಿ ಎಳೆಯುವ ಕಷ್ಟ ತಪ್ಪುತ್ತದೆ, ಆದರೆ ಅದು ಮತ್ತೊಂದು ಖರ್ಚು. ಅರ್ಧ ಲೀಟರ್ ಪ್ಲಾಸ್ಟಿಕ್ ಬಾಟಲಿಯ ತಳದಲ್ಲಿ ಇನ್‌ಹೇಲರ್ ಹಿಡಿಸುವಷ್ಟು ತೂತು ಕೊರೆದು ಮಾಡಿದ ಸ್ಪೇಸರ್ ಅಂಗಡಿಯದರಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆಂದು ದಕ್ಷಿಣ ಆಫ್ರಿಕದ ಕೇಪ್‌ಟೌನಿನ ಮಕ್ಕಳ ವೈದ್ಯೆ ಹೆದರ್ ಜಾರ್ ಮತ್ತು ಸಂಗಡಿಗರು 1999ರಲ್ಲಿ ತೋರಿಸಿದರು. ಅಂಥ ಬಾಟಲಿಗಳು ಮೂಟೆಗಟ್ಟಲೆ ಬಂದು ಬೀಳುವ ಹದಿಮೂರನೇ ಕಾಂಪೌಂಡಿನ ಮಗ್ಗುಲಲ್ಲೇ ಮಕ್ಕಳು ಸ್ಪೇಸರ್ ಇಲ್ಲದೆ ಇರುವುದು ವಿಚಿತ್ರ.

ಇದೇ ವಿಚಾರದ ಇನ್ನೊಂದು ಮುಖ, ಕೆಮ್ಮಿದವರಿಗೆಲ್ಲ ‘ಎಲ್‌ಸಿ’ ಕೊಡುವ ರೂಢಿ. ಸಾಮಾನ್ಯ ಶೀತ ವೈರಸ್ಸಿನದು, ವಾರದಲ್ಲಿ ತಾನೇ ಇಳಿಯುತ್ತದೆ. ಅದಕ್ಕೆ ಮೊಂಟೆಲುಕಾಸ್ಟ್ ಬೇಕಿಲ್ಲ. ಗುಳಿಗೆ ಹತ್ತು ದಿನ ನುಂಗಿ ಕೆಮ್ಮು ನಿಂತಿತೆಂದರೆ ಅದು ಗುಳಿಗೆಯ ಗುಣವೆಂದು ಲೆಕ್ಕವಾಗುತ್ತದೆ, ಮುಂದಿನ ಸಲ ಚೀಟಿಯಿಲ್ಲದೆಯೇ ಅಂಗಡಿಗೆ ಹೋಗುವುದಾಗುತ್ತದೆ. ಲಿವೊಸೆಟ್ರಿಜಿನ್ ಮಂಪರು ತರಬಲ್ಲುದು. ಯಂತ್ರದ ಮುಂದೆ ಕೂರುವವರಿಗೆ ಅದು ಸಣ್ಣ ಸಂಗತಿಯಲ್ಲ. ದೊಡ್ಡ ಅಪಾಯ ಬೇರೆ ಇದೆ. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಆಗಬೇಕೆಂಬುದು ಕ್ಷಯ ನಿರ್ಮೂಲನ ಕಾರ್ಯಕ್ರಮದ ನಿಯಮ. ಧಾರಾವಿಯಂಥ ಇಕ್ಕಟ್ಟಿನ ಬಸ್ತಿಯಲ್ಲಿ ಪಟ್ಟಿ ಮೇಲೆ ಪಟ್ಟಿ ಅಲರ್ಜಿ ಗುಳಿಗೆ ನುಂಗುತ್ತ ಕಳೆದ ತಿಂಗಳು, ಕ್ಷಯವಿದ್ದವರ ಪಾಲಿಗೂ ಅದೇ ಖೋಲಿಯಲ್ಲಿ ಮಲಗುವವರ ಪಾಲಿಗೂ ದುಬಾರಿಯಾಗುತ್ತದೆ.

ಇನ್ನು ಕೊನೆಯ ವಿಚಾರಕ್ಕೆ ಬರಬಹುದು. ಮೊಂಟೆಲುಕಾಸ್ಟ್ ಬಹುಪಾಲು ಜನರಿಗೆ ಒಗ್ಗುತ್ತದೆ. ತಲೆನೋವು, ಹೊಟ್ಟೆನೋವು ಕೆಲವರಿಗೆ ಬರುವುದುಂಟು. ಆದರೆ ಅಮೆರಿಕದ ಔಷಧ ನಿಯಂತ್ರಕರು 2020ರ ಮಾರ್ಚ್‌ನಲ್ಲಿ ಅದಕ್ಕೆ ತಮ್ಮ ಅತಿ ಗಂಭೀರ ದರ್ಜೆಯ, ಚೌಕಟ್ಟಿನೊಳಗೆ ಅಚ್ಚಾಗುವ ಎಚ್ಚರಿಕೆ ಹಾಕಿಸಿದರು. ಕಾರಣ ಮನಸ್ಸಿಗೆ ಸಂಬಂಧಿಸಿದ ಪರಿಣಾಮಗಳು: ದುಃಸ್ವಪ್ನ, ನಿದ್ರೆಗೇಡು, ಚಡಪಡಿಕೆ, ಸಿಡುಕು, ಖಿನ್ನತೆ, ಅಪರೂಪಕ್ಕೆ ಆತ್ಮಹತ್ಯೆಯ ಯೋಚನೆ. ಹಿಂದೆ ಮಾನಸಿಕ ತೊಂದರೆ ಇರದವರಲ್ಲೂ ಇದು ಕಂಡಿದೆ. ಹೆಚ್ಚಿನವರಲ್ಲಿ ಗುಳಿಗೆ ಬಿಟ್ಟ ಮೇಲೆ ಸರಿಹೋಗಿದೆ, ಕೆಲವರಲ್ಲಿ ಬಿಟ್ಟ ನಂತರವೂ ಉಳಿದಿದೆ. ಅದೇ ನಿಯಂತ್ರಕರು ನಡೆಸಿದ ದೊಡ್ಡ ದತ್ತಾಂಶ ಅಧ್ಯಯನದಲ್ಲಿ, ಸ್ಟೀರಾಯ್ಡ್ ಇನ್‌ಹೇಲರ್ ಬಳಸುವವರಿಗಿಂತ ಮೊಂಟೆಲುಕಾಸ್ಟ್ ನುಂಗುವವರಲ್ಲಿ ಆಸ್ಪತ್ರೆ ಸೇರುವಷ್ಟು ಖಿನ್ನತೆ ಅಥವಾ ಸ್ವಹಾನಿ ಹೆಚ್ಚೆಂದು ಕಾಣಲಿಲ್ಲ ಎಂಬುದನ್ನೂ ಹೇಳಲೇಬೇಕು. ಹೀಗೆ ಎರಡನ್ನೂ ತೂಗಿ ಬಂದ ಸಲಹೆ ಸಮಂಜಸವಾಗಿದೆ: ಬರೀ ನೆಗಡಿ, ಸೀನು ಇರುವವರಿಗೆ ಬೇರೆ ಔಷಧ ಫಲಿಸದಿದ್ದಾಗ ಮಾತ್ರ ಮೊಂಟೆಲುಕಾಸ್ಟ್.

ಧಾರಾವಿಯ ಸಣ್ಣ ಖೋಲಿಯಲ್ಲಿ ಈ ಎಚ್ಚರಿಕೆಗೆ ಬೇರೆಯೇ ಅರ್ಥ ಬರುತ್ತದೆ. ಮಗು ನಡುರಾತ್ರಿ ಕಿರುಚಿ ಎದ್ದರೆ ಅಕ್ಕಪಕ್ಕದ ನಾಲ್ಕು ಮನೆಗೆ ಕೇಳಿಸುತ್ತದೆ. ಹೆದರಿಕೊಂಡಿದೆ, ದೃಷ್ಟಿ ತಾಗಿದೆ ಎಂದು ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕುವುದು, ದರ್ಗಾಕ್ಕೆ ಒಯ್ದು ತಾಯತ ಕಟ್ಟಿಸುವುದು ಮೊದಲು ನಡೆಯುತ್ತದೆ. ಹಿಂದಿನ ವಾರ ಶುರುವಾದ ಗುಳಿಗೆಯ ನೆನಪು ಯಾರಿಗೂ ಬರುವುದಿಲ್ಲ, ಚೀಟಿ ಕೊಟ್ಟವರು ಹೇಳಿರದಿದ್ದರೆ. ಗುಳಿಗೆ ಶುರುಮಾಡುವಾಗಲೇ, ತಾಯಿಯ ಭಾಷೆಯಲ್ಲೇ, ನಿದ್ದೆ ಮತ್ತು ನಡತೆಯಲ್ಲಿ ಬದಲಾವಣೆ ಕಂಡರೆ ನಿಲ್ಲಿಸಿ ಬಂದು ತೋರಿಸಬೇಕೆಂದು ಹೇಳುವುದು ವೈದ್ಯರ ಕೆಲಸ. ಅಡ್ಡಪರಿಣಾಮವನ್ನು ರೋಗಿಯ ಕಡೆಯವರೇ ವರದಿ ಮಾಡಲು ಭಾರತೀಯ ಫಾರ್ಮಾಕೋಪಿಯ ಆಯೋಗದ ಉಚಿತ ದೂರವಾಣಿ 1800-180-3024 ಇದೆ.

ಔಷಧದ ದೀರ್ಘಕಾಲದ ಬಳಕೆಗೂ ಒಂದು ಮರುಪರಿಶೀಲನೆ ಬೇಕು. ಒಂದೆರಡು ತಿಂಗಳಲ್ಲಿ ಗುಣ ಕಾಣದಿದ್ದರೆ ಮುಂದುವರಿಸುವುದರಲ್ಲಿ ಅರ್ಥವಿಲ್ಲ. ಮಳೆಗಾಲಕ್ಕಷ್ಟೇ ತೊಂದರೆ ಇರುವವರು ವರ್ಷಪೂರ್ತಿ ನುಂಗಬೇಕೆಂದೂ ಇಲ್ಲ. ಸ್ಟೀರಾಯ್ಡ್ ಇನ್‌ಹೇಲರ್ ಇದ್ದವರು ಗುಳಿಗೆ ಬಂತೆಂದು ಅದನ್ನು ತಾವಾಗಿಯೇ ಬಿಡಬಾರದು. ಊರಿಗೆ ಜಾತ್ರೆಗೋ ಸುಗ್ಗಿಗೋ ಹೊರಟಾಗ ಎರಡನ್ನೂ ಇರುವಷ್ಟು ದಿನಕ್ಕೆ ಸಾಕಾಗುವಂತೆ ಒಯ್ಯಬೇಕು.

ಕೊಳ್ಳುವ ರೀತಿಯ ಬಗ್ಗೆ ಒಂದು ಮಾತು ಉಳಿದಿದೆ. ಮೊಂಟೆಲುಕಾಸ್ಟ್ ಷೆಡ್ಯೂಲ್ ಎಚ್ ಔಷಧ, ಚೀಟಿಯಿಲ್ಲದೆ ಮಾರುವಂತಿಲ್ಲ. ಕೈಯಲ್ಲಿ ಕಾಸಿದ್ದಷ್ಟು ದಿನಕ್ಕೆ ಎರಡು, ನಾಲ್ಕು ಗುಳಿಗೆ ಕತ್ತರಿಸಿ ಕೊಡುವುದು ಬಸ್ತಿಯ ಅಂಗಡಿಗಳ ರೂಢಿ. ಕತ್ತರಿಸಿದ ತುಂಡಿನಲ್ಲಿ ಹೆಸರು ಇರುವುದಿಲ್ಲ, ಅಥವಾ ಅರ್ಧ ಇರುತ್ತದೆ. ಅವಧಿ ಮುಗಿಯುವ ತಾರೀಖು ಅಂಗಡಿಯವನ ಬಳಿಯೇ ಉಳಿಯುತ್ತದೆ. ಗುಳಿಗೆಗೆ ತೇವ, ಬೆಳಕು ಆಗದು. ಫಾಯಿಲಿನಿಂದ ಬಿಡಿಸಿ ಡಬ್ಬಿಗೆ ಹಾಕಿಟ್ಟರೆ ಮುಂಬಯಿಯ ಜುಲೈ ತಿಂಗಳು ಅದನ್ನು ಕೆಡಿಸುತ್ತದೆ. ರಾತ್ರಿ ಹನ್ನೆರಡಕ್ಕೆ ದಮ್ಮು ಹತ್ತಿ ಆಸ್ಪತ್ರೆಗೆ ಬಂದವರ ಜೇಬಿನಲ್ಲಿ ಹೆಸರಿಲ್ಲದ ಎರಡು ಗುಳಿಗೆ ಸಿಕ್ಕರೆ, ಅದು ಮೊಂಟೆಲುಕಾಸ್ಟೋ ಥಿಯೊಫಿಲಿನ್ನೋ ಸ್ಟೀರಾಯ್ಡ್ ಮಾತ್ರೆಯೋ ತಿಳಿಯದೆ ಕರ್ತವ್ಯದ ಮೇಲಿರುವ ವೈದ್ಯರು ಮುಂದಿನ ಮದ್ದು ನಿರ್ಧರಿಸಬೇಕಾಗುತ್ತದೆ. ಹೆಸರು ಮತ್ತು ತಾರೀಖು ಇರುವ ಕೊನೆಯ ತುಂಡನ್ನು ಕೇಳಿ ಪಡೆಯುವುದು, ಅಥವಾ ಚೀಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗುಳಿಗೆಯ ಜೊತೆಗೇ ಇಡುವುದು, ಇದಕ್ಕಿರುವ ಸುಲಭದ ಉಪಾಯ.